ಛತ್ರದ ಬಾಗಿಲಲ್ಲಿ ಅದಲುಬದಲಾದ ಹೆಡ್‌ಸೆಟ್

ಧಾರೆಯನ್ನು ಬರಿಗಣ್ಣಿನಲ್ಲೇ ನೋಡಬೇಕೆಂಬ ಶಾಸ್ತ್ರವಿದ್ದುದರಿಂದ ಎಲ್ಲರ ಹೆಡ್‌ಸೆಟ್‌ಗಳೂ ಛತ್ರದ ಬಾಗಿಲಲ್ಲಿ ಚಪ್ಪಲಿಗಳ ಪಕ್ಕದಲ್ಲೇ ಇದ್ದವು. ಊಟ ಮುಗಿಸಿ ಬಂದ ವನಜಾಕ್ಷಿ ತನ್ನದೆಂದುಕೊಂಡು ಒಂದನ್ನು ಏರಿಸಿಕೊಂಡು, "ಅಬ್ಬಾ, ಏನು ಸೆಕೆ!" ಎಂದಳು. ಕಿವಿಗೆ ಬಿದ್ದದ್ದು ಎಮ್ಮೆಯ ಕೂಗು. ಕಣ್ಣೆದುರು ಹೆಡ್‌ಸೆಟ್‌ನ ಒಡತಿಯೆಂದು ಮಿನುಗಿದ್ದು ವಾರಗಿತ್ತಿ ಸುಕನ್ಯಾಳ ಹೆಸರು.

ಯಾರ ದನಿ ಹೇಗೆ ಕೇಳಬೇಕೆಂದು ಹೆಡ್‌ಸೆಟ್‌ನಲ್ಲಿ ಅವರವರೇ ಆರಿಸಿಕೊಳ್ಳಬಹುದು, ನಿಜ. ಆದರೆ ಹನ್ನೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಜೊತೆಗೆ ಬೆಂದವಳು ನನ್ನ ದನಿಗೆ ಎಮ್ಮೆಯ ಕೂಗನ್ನು ಅಂಟಿಸಿಕೊಂಡು ಕೇಳುತ್ತಿದ್ದಾಳೆ! ಇವತ್ತೇ ಬೇರೆ ಒಲೆ ಹೂಡುವುದೆಂದು ವನಜಾಕ್ಷಿ ತಿರುಗಿದರೆ, ಇವಳದೇ ಹೆಡ್‌ಸೆಟ್ ತೊಟ್ಟ ಸುಕನ್ಯಾ ಎದುರಿಗೇ ನಿಂತಿದ್ದಳು.

"ಅಕ್ಕಾ, ನಾನು ಬಾಯಿ ಬಿಟ್ರೆ ನಿಮಗೆ ಕುಕ್ಕರ್ ಸೀಟಿನಾ?"

"ಮೂರು ಸೀಟಿಗಾದ್ರೂ ನಿಲ್ತೀಯಾ ನೀನು? ನನ್ನನ್ನ ಎಮ್ಮೆ ಮಾಡಿದ್ದೀಯಲ್ಲೇ!"

"ಹಾಲು ಕೊಡೋ ಎಮ್ಮೆ, ಅಕ್ಕಾ."

ವನಜಾಕ್ಷಿ ನಕ್ಕಳು, ಆ ನಗುವೂ ಎಮ್ಮೆಯದೇ. ಇಬ್ಬರೂ ಹೆಡ್‌ಸೆಟ್ ಬದಲಾಯಿಸಿಕೊಂಡರು. ದನಿಯನ್ನು ಮಾತ್ರ ಇಬ್ಬರೂ ಬದಲಾಯಿಸಲಿಲ್ಲ.