ಸುರುಳಿ ಕೂದಲಿನ ಹುಡುಗಿಯ ಕತೆ

ಮೇಣದ ಬಣ್ಣದ ಕಡ್ಡಿಗಳ ವಾಸನೆ ಬಂದರೆ ಇಂದಿಗೂ ದೋಹಾದ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ವಿಶ್ವಕಪ್‌ಗಾಗಿ ಕ್ರೀಡಾಂಗಣಗಳು ಏಳುತ್ತಿದ್ದ ವರ್ಷಗಳವು. ಹಳಿಯಾಳದ ಸಿದ್ದಿಗಳಾದ ನಾವು ಅಪ್ಪನ ಕ್ರೇನ್ ಕೆಲಸಕ್ಕಾಗಿ ಅಲ್ಲಿದ್ದೆವು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಸುಮಾ ಆಂಟಿಯ ಮನೆಯಲ್ಲಿ ಕನ್ನಡದ ಮಕ್ಕಳೆಲ್ಲ ಸೇರಿ ಕತೆ ಕೇಳುತ್ತ ಚಿತ್ರ ಬರೆಯುತ್ತಿದ್ದೆವು. ಅಂದು ಹೇಳುವ ಸರದಿ ಅವ್ವನದು. ಬೆಂಕಿ ತರಲು ಒಬ್ಬಳೇ ಕಾಡು ದಾಟುವ ಹುಡುಗಿಯ ಕತೆ.

ಕೇಳುತ್ತಲೇ ಆಂಟಿಯ ಮಗಳು ಅನಘಾ ಚಿತ್ರ ಬರೆದು, ಹುಡುಗಿಯ ಮುಖಕ್ಕೆ ಗುಲಾಬಿ ಬಣ್ಣ ಬಳಿಯತೊಡಗಿದಳು.

"ಅಕಿ ನನ್ನ ಮಗಳಂಗ ಕಪ್ಪಗ ಅದಾಳವ್ವಾ. ಕೂದ್ಲಾನೂ ಹಿಂಗ ಸುರುಳಿ," ಎಂದು ಅವ್ವ ನನ್ನ ತಲೆ ಸವರಿದಳು.

ಎಲ್ಲರೂ ನನ್ನತ್ತ ತಿರುಗಿದರು. ಶಾಲೆಯ ಯಾವ ಪುಸ್ತಕದಲ್ಲೂ ಇರದ ನಾನು ಅಂದು ಎಲ್ಲರ ಹಾಳೆಗಳ ಮೇಲೂ ಮೂಡತೊಡಗಿದೆ.

ಹೊರಗೆ ಆಕಾಶ ಹಳದಿಗಟ್ಟಿತ್ತು. ಧೂಳುಗಾಳಿ ಕಿಟಕಿಯ ಗಾಜನ್ನು ಉಜ್ಜುತ್ತಿತ್ತು. ಸೈಟಿನಿಂದ ಊಟಕ್ಕೆ ಬರುತ್ತೇನೆಂದಿದ್ದ ಅಪ್ಪ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅವ್ವನ ಫೋನ್ ರಿಂಗಾಯಿತು. ಅವಳು ಮಾತಾಡಿ ಫೋನ್ ಕೆಳಗಿಟ್ಟಳು.

"ಏನಾಯ್ತು?" ಎಂದರು ಆಂಟಿ.

"ಸೈಟಿನಿಂದ ಗಾಡಿ ಕಳಸ್ತಾರಂತ. ದವಾಖಾನಿಗೆ ಬಾ ಅಂದ್ರು."

"ಮಕ್ಕಳೇ, ಕತೆ ಖಲಾಸ್. ಎಲ್ಲರೂ ಏಳಿ."

"ಬ್ಯಾಡ್ರಿ. ಗಾಡಿ ಬರೂತನಕ ಹೇಳ್ತೀನಿ."

ಅವ್ವ ನನ್ನೊಬ್ಬಳನ್ನೇ ನೋಡುತ್ತ ಮುಂದುವರಿಸಿದಳು. "ಕಾಡಿನಾಗ ಕತ್ತಲಾತು. ಆ ಹುಡುಗಿ ಅಳಲಿಲ್ಲ. ಅವ್ವನ ಕೈ ಹಿಡಕೊಂಡ್ಲು. ಇಬ್ಬರೂ ಕೂಡಿ ನಡದ್ರು."

ಅದುವರೆಗೆ ಆ ಕತೆಯಲ್ಲಿ ಅವ್ವ ಇರಲೇ ಇಲ್ಲ.

ಕೆಳಗೆ ಹಾರ್ನ್ ಕೇಳಿಸಿತು. ಅವ್ವ ಕೈ ಚಾಚಿದಳು. ನಾನು ಹಿಡಿದುಕೊಂಡೆ.

ಆಸ್ಪತ್ರೆಯಲ್ಲಿ ಮುಖದ ಮೇಲಿನ ಬಿಳಿ ಬಟ್ಟೆ ಸರಿಸಿದರು. ಅಪ್ಪನನ್ನು ನಾವು ನೋಡಿದೆವು. ಅಪ್ಪ ನಮ್ಮನ್ನು ನೋಡಲಿಲ್ಲ.