ನಾಲ್ಕನೆಯದರ ಕಾಲು

"ನೀನ್ ಹೇಳಿದ ಹಾಗೇ ನಾಲ್ಕನೇ ನಂಬರಿಗೆ ಕಟ್ಟಿದ್ದೀವಪ್ಪ," ಎಂದು ಕ್ಷೌರಿಕ ಗೆಳೆಯ ಚೀಟಿ ತೋರಿಸುವಷ್ಟರಲ್ಲಿ ಗೇಟು ತೆರೆದು, ವಸಂತದ ಮೊದಲ ರೇಸಿನ ಕುದುರೆಗಳು ಹೊರಟುಬಿಟ್ಟಿದ್ದವು. ಲಾಳ ಹೊಡೆಯುವವನು ಚೀಟಿಯನ್ನು ಕಿತ್ತುಕೊಂಡು ನೋಡಿದ.

"ನಾನ್ಯಾವಾಗ ಹೇಳ್ದೆ?"

"ಬೆಳಿಗ್ಗೆ ಟೀ ಕುಡಿಯುವಾಗ ನೀವೇ ಅಂದ್ರಲ್ಲ ಭಾವ, ನಾಲ್ಕನೇದರ ಕಾಲು ನೋಡ್ರೋ ಅಂತ," ಎಂದು ಹೆಂಡತಿಯ ತಮ್ಮ ಹಲ್ಲು ಕಿರಿದ. "ಲಾಳ ಹೊಡೆಯೋರೇ ಕಾಲು ಹೊಗಳಿದ ಮೇಲೆ ಇನ್ನೇನು ಬೇಕು?"

ಅಂದದ್ದು ನಿಜ. ಅದರ ಬಲ ಮುಂಗಾಲಿನ ಗೊರಸು ಸೀಳು ಬಿಟ್ಟಿತ್ತು. ತರಬೇತುದಾರನಿಗೆ ತೋರಿಸಿದ್ದಕ್ಕೆ, "ಲಾಳ ಹೊಡಿ, ಬಾಯಿ ಮುಚ್ಚು," ಎಂಬ ಉತ್ತರ ಸಿಕ್ಕಿತ್ತು. ಎಲ್ಲಿ ಕೆಲಸಕ್ಕೆ ಕುತ್ತು ಬರುತ್ತದೋ ಎಂದು ಗೆಳೆಯರ ಮುಂದೆ ಅರ್ಧ ಮಾತು ಆಡಿ, ಉಳಿದದ್ದನ್ನು ಟೀ ಜೊತೆ ನುಂಗಿಕೊಂಡಿದ್ದ.

ಸೋಲಲಿ, ಕೊನೆಯದಾಗಿ ನಡೆದುಕೊಂಡಾದರೂ ಬರಲಿ ಎಂದು ಅವನು ಕಂಬಿಯನ್ನು ಬಿಗಿಯಾಗಿ ಹಿಡಿದ. ಕುದುರೆ ಸೋಲಲಿಲ್ಲ. ಸವಾರನ ಚಾವಟಿ ಮೇಲಿಂದ ಮೇಲೆ ಬೀಳುತ್ತಿದ್ದಂತೆ ಒಂದೊಂದನ್ನೇ ಹಿಂದಿಕ್ಕಿ, ಮೂಗಿನಷ್ಟು ಅಂತರದಲ್ಲಿ ಮೊದಲನೆಯದಾಗಿ ಗೆರೆ ದಾಟಿತು.

"ಏನ್ ಕಣ್ಣೋ ನಿಂದು. ಮುಂದಿನ ರೇಸಿಗೂ ಒಂದು ಕಾಲು ನೋಡಿಡು," ಎನ್ನುತ್ತ ಕ್ಷೌರಿಕ, ಭಾವಮೈದ ಇಬ್ಬರೂ ಸೇರಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಕೆಳಗಿದ್ದವರಿಗೆ ಕಾಣದ್ದು ಅಷ್ಟೆತ್ತರದಿಂದ ಅವನೊಬ್ಬನಿಗೆ ಕಂಡಿತು. ಜನರ ತಲೆಗಳಾಚೆ, ಮೈಯೆಲ್ಲ ಬೆವೆತು ನಡುಗುತ್ತ, ಕುದುರೆ ಮೂರೇ ಕಾಲಿನ ಮೇಲೆ ನಿಂತಿತ್ತು.