ಒಂದೇ ಮೇಜುಬಟ್ಟೆ

ಫ್ಯಾನಿ ಸೊಂಟ ಕೊಟ್ಟು ಊಟದ ಮೇಜನ್ನು ನೂಕಿದಳು. ಅದು ಪಕ್ಕದ ಮೇಜಿಗೆ ತಾಗಿ ನಿಂತಿತು. ಎರಡರ ನಡುವೆ ನಾಲ್ಕು ಬೆರಳು ಸಂದು ಇರಬೇಕಿತ್ತು. ಈಗ ಕೂದಲು ತೂರುವಷ್ಟೂ ಇರಲಿಲ್ಲ. ಮೇಲೆ ಒಂದೇ ಬಿಳಿ ಬಟ್ಟೆ ಹಾಸಿ ಸುಕ್ಕು ಸವರಿದಳು. ನೋಡಿದವರಿಗೆ ಬಟ್ಟೆಯಡಿ ಸಂದು ಇದ್ದಂತೆಯೇ ಕಾಣುತ್ತಿತ್ತು.

ಹಿಂದಿನ ದಿನವಷ್ಟೇ ಮಗ ಮೆನ್ನೊನನ್ನು ಮಣ್ಣು ಮಾಡಿ ಬಂದಿದ್ದರು. ಮಗಳು ಸಲೋಮಾ ಎಷ್ಟೋ ವರ್ಷದ ಮೇಲೆ ಹೊಸ್ತಿಲು ತುಳಿದಿದ್ದಳು, ಅದೂ ತಮ್ಮನ ಹೆಣ ನೋಡಲು. ದೀಕ್ಷಾಸ್ನಾನದ ದಿನ ಆಮಿಶ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಸಭೆಗೆ ಕೊಟ್ಟ ಮಾತು ಮುರಿದು ನರ್ಸ್ ಓದಲು ಹೋದವಳು ಅವಳು. ಸಭೆ ಅವಳನ್ನು ಹೊರಗಿಟ್ಟಿತ್ತು. ಅವಳೊಂದಿಗೆ ಮಾತಾಡಬಹುದು, ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ; ಮೇಲೆ ಬಟ್ಟೆ ಒಂದೇ ಇದ್ದರೂ ಸರಿ, ಕೆಳಗೆ ಮೇಜುಗಳ ನಡುವೆ ಸಂದು ಇರಬೇಕು. ಅವಳು ಕೆಳಗಿಟ್ಟದ್ದನ್ನು ಎತ್ತಿಕೊಳ್ಳಬಹುದು, ಕೈಯಿಂದ ಕೈಗೆ ತೆಗೆದುಕೊಳ್ಳುವಂತಿಲ್ಲ. ಇದನ್ನೆಲ್ಲ ಮನೆಮನೆಗೆ ಹೋಗಿ ವಿಚಾರಿಸಬೇಕಾದ ಸಭೆಯ ಡೀಕನ್ ಬೇರೆ ಯಾರೂ ಅಲ್ಲ, ಫ್ಯಾನಿಯ ಗಂಡ ಈನಸ್. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೇನೋ.

ಕಂದು ಸಕ್ಕರೆಯ ಪಾಕ ಆರಿತ್ತು. ಫ್ಯಾನಿ ಅದಕ್ಕೆ ಕಡಲೆಕಾಯಿ ಬೆಣ್ಣೆ, ಮಾರ್ಷ್‌ಮ್ಯಾಲೋ ನೊರೆ ಸುರಿದು ತಿರುವತೊಡಗಿದಳು. ಸಾವಿನ ಊಟಕ್ಕೆ ನೆರೆಯ ಹೆಂಗಸರು ಈ ಸಿಹಿಯನ್ನು ಬಕೆಟ್‌ಗಟ್ಟಲೆ ತಂದಿದ್ದರು. ಮೂಲೆಯ ಪುಟ್ಟ ಮೇಜಿನಲ್ಲಿ ಒಬ್ಬಳೇ ಕೂತಿದ್ದ ಸಲೋಮಾ ಮಾತ್ರ ಅದನ್ನು ಮುಟ್ಟಿರಲಿಲ್ಲ.

"ಇನ್ನೂ ಗಟ್ಟಿ ಇದೆಯಮ್ಮ. ಚಮಚ ಎತ್ತಿದ್ರೆ ದಾರದ ಹಾಗೆ ಇಳೀಬೇಕು," ಎಂದಳು ಬಾಗಿಲಲ್ಲಿ ನಿಂತಿದ್ದ ಸಲೋಮಾ.

"ನನಗೇ ಹೇಳ್ಕೊಡ್ತೀಯಾ? ಪಾತ್ರೆ ನೆಕ್ಕಿ ನೆಕ್ಕಿ ಬೆಳೆದವಳು ನೀನು."

"ನೆಕ್ತಿದ್ದಿದ್ದು ಮೆನ್ನೊ. ಏಟು ನನಗೆ ಬೀಳ್ತಿತ್ತು."

ಇಬ್ಬರೂ ನಕ್ಕರು. ಆಮೇಲೆ ಫ್ಯಾನಿಗೆ ನಕ್ಕದ್ದಕ್ಕೇ ಅಳು ಬಂತು.

ಮಧ್ಯಾಹ್ನ ಊಟಕ್ಕೆ ಕೂತರು. ಈನಸ್, ಫ್ಯಾನಿ ಈ ಮೇಜಿಗೆ, ಸಲೋಮಾ ಆ ಮೇಜಿಗೆ. ಸಿಹಿಯ ಬಾಟಲಿಯನ್ನು ಫ್ಯಾನಿ ಎರಡೂ ಮೇಜು ಕೂಡುವ ಜಾಗದಲ್ಲೇ ಇಟ್ಟಳು. ಇನ್ನೊಂದು ಗಳಿಗೆಗೆ ಮಗಳು ಬಸ್ಸು ಹತ್ತುತ್ತಾಳೆ. ಒಂದು ಹೊತ್ತಾದರೂ ಒಂದೇ ಮೇಜಿನಲ್ಲಿ ಉಂಡೆವೆಂದು ತನ್ನೊಬ್ಬಳಿಗೆ ಗೊತ್ತಿದ್ದರೆ ಸಾಕಿತ್ತು ಅವಳಿಗೆ.

ತಲೆ ತಗ್ಗಿಸಿ ಮಾಡುವ ಮೌನ ಪ್ರಾರ್ಥನೆ ಮುಗಿಯಿತು. ಬ್ರೆಡ್ಡಿಗೆಂದು ಬಾಗಿದ ಈನಸ್ ಸಂದು ಇರಬೇಕಾದ ಕಡೆ ಬಟ್ಟೆಯ ಮೇಲೆ ಅಂಗೈ ಊರಿದ. ಕೈ ಕುಸಿಯಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿದ.

"ಫ್ಯಾನಿ, ಮೇಜು ಸರಿದಿದೆ."

"ನೆಲ ಒರೆಸುವಾಗ ಸರಿದಿರಬೇಕು."

ಈನಸ್ ಹೆಂಡತಿಯ ಮುಖವನ್ನೇ ನೋಡಿದ. ಅವನ ಕಣ್ಣುಗಳೂ ಅತ್ತು ಕೆಂಪಾಗಿದ್ದವು.

"ನಮ್ಮನೇಲೇ ಹೀಗಾದ್ರೆ, ಇನ್ನೊಬ್ಬರ ಮನೆಗೆ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದು ಮೆಲ್ಲಗೆ ಹೇಳಿ, ಎರಡೂ ಕೈಯಲ್ಲಿ ಮೇಜನ್ನು ತನ್ನತ್ತ ಎಳೆದುಕೊಂಡ.

ಬಟ್ಟೆ ಸಂದಿನೊಳಕ್ಕೆ ಜೋತುಬಿತ್ತು. ವಾಲಿದ ಬಾಟಲಿಯನ್ನು ಸಲೋಮಾ ತಟ್ಟನೆ ಹಿಡಿದಳು. ಸಿಹಿ ಅವಳ ಬೆರಳುಗಳ ಮೇಲೆ ಇಳಿಯಿತು. ಹಳೆಯ ಅಭ್ಯಾಸದಂತೆ ಬಾಟಲಿಯನ್ನು ತಾಯಿಯತ್ತ ಚಾಚಿದಳು. ಫ್ಯಾನಿಯ ಕೈ ಮಡಿಲಿನಿಂದ ಮೇಲೆದ್ದು, ಗಂಡನ ಮುಖ ಕಂಡು, ಮತ್ತೆ ಮಡಿಲಿಗೇ ಇಳಿಯಿತು.

"ಮೇಜಿನ ಮೇಲಿಡು, ಮಗಳೇ."

ಸಲೋಮಾ ಬಾಟಲಿ ಹಿಡಿದುಕೊಂಡೇ ಬಟ್ಟೆ ಜೋತ ಜಾಗವನ್ನು ನೋಡಿದಳು.

"ಯಾವ ಮೇಜಿನ ಮೇಲಮ್ಮ?"